ನೆಲವೋ, ಹಕ್ಕೋ?

ಅಮೆರಿಕ ಸರ್ಕಾರ ಕೊಡುವ ಒಂದು ಬಗೆಯ ಪಾಸ್‌ಪೋರ್ಟಿನ ಒಳಪುಟದಲ್ಲಿ ಒಂದು ಸಾಲು ಅಚ್ಚಾಗಿರುತ್ತದೆ. ಇದನ್ನು ಹಿಡಿದವರು ಅಮೆರಿಕದ 'ನ್ಯಾಷನಲ್', ಆದರೆ ಅಮೆರಿಕದ ಪೌರರಲ್ಲ ಎಂಬುದು ಅದರ ತಾತ್ಪರ್ಯ. ಅಂದರೆ ಇವರು ಅಮೆರಿಕಕ್ಕೆ ಸೇರಿದವರು. ಅಮೆರಿಕಕ್ಕೆ ನಿಷ್ಠೆ ತೋರಿಸಬೇಕಾದವರು. ಯುದ್ಧ ಬಂದರೆ ಅಮೆರಿಕದ ಬಂದೂಕು ಹಿಡಿಯಬಹುದಾದವರು. ಆ ದೇಶವನ್ನು ಆಳುವವರು ಯಾರು ಎಂದು ತೀರ್ಮಾನಿಸುವ ಮಾತಿನಲ್ಲಿ ಮಾತ್ರ ಇವರಿಗೆ ಪಾಲಿಲ್ಲ. ಪೆಸಿಫಿಕ್ ಸಾಗರದ ಅಮೆರಿಕನ್ ಸಮೋವಾದಲ್ಲಿ, ಪೌರರಲ್ಲದ ಅಪ್ಪ ಅಮ್ಮನಿಗೆ ಹುಟ್ಟಿದ ಮಗು ಈ ಸಾಲನ್ನು ಹಣೆಬರಹದ ಹಾಗೆ ಹೊತ್ತುಕೊಂಡೇ ಹುಟ್ಟುತ್ತದೆ.

ಊರಿಗೆ ಸೇರಿದವರು, ಆದರೆ ಊರೊಳಗೆ ಸೇರದವರು. ಈ ಲೆಕ್ಕ ನಮಗೆ ಹೊಸದಲ್ಲ. ಹಂಗಂತ ಅವರ ಕತೆಯನ್ನು ಎಳೆದು ತಂದು ನಮ್ಮ ಕೇರಿಯ ಕತೆ ಮಾಡಿಬಿಡುವುದು ಸುಲಭದ ಕೆಲಸ. ಅಪ್ರಾಮಾಣಿಕ ಕೆಲಸ ಕೂಡ. ಅವರ ಪ್ರಶ್ನೆಯನ್ನು ಅವರ ನೆಲದ ಮೇಲೆ ನಿಲ್ಲಿಸಿಯೇ ನೋಡಬೇಕು. ಯಾಕೆಂದರೆ ಅದರಲ್ಲಿ ನಮ್ಮಂಥವರಿಗೆ ತಟ್ಟನೆ ಬಿಚ್ಚಲಾಗದ ಒಂದು ಗಂಟಿದೆ. ಕೋರ್ಟಿನ ಮೂಲಕ ನಮ್ಮ ಮೇಲೆ ಪೌರತ್ವ ಹೇರಬೇಡಿ ಎಂದು ಆ ದ್ವೀಪಗಳ ಸರ್ಕಾರವೇ ಅಮೆರಿಕದ ನ್ಯಾಯಾಲಯಗಳಲ್ಲಿ ವಾದ ಮಾಡಿದೆ. ಅದೂ ತಮ್ಮ ಜನರ ನೆಲ ಉಳಿಸಿಕೊಳ್ಳುವುದಕ್ಕಾಗಿ. ಸಮಾನತೆ ಬೇಕು ಅಂತ ಬೀದಿಗಿಳಿದ ನಾವು ಇದಕ್ಕೆ ಏನನ್ನೋಣ?

ಮೊದಲು ನೆಲದ ವಿಚಾರ. ಅಮೆರಿಕನ್ ಸಮೋವಾ ಅಂದರೆ ಭೂಮಧ್ಯರೇಖೆಗೆ ದಕ್ಷಿಣದಲ್ಲಿ, ಹವಾಯಿಯಿಂದ ಸುಮಾರು 4,000 ಕಿ.ಮೀ. ದೂರದಲ್ಲಿ ಚದುರಿಕೊಂಡಿರುವ ಕೆಲವು ದ್ವೀಪಗಳು. ತುತುಯಿಲ, ಔನುಉ, ಮನುಅ ಗುಂಪಿನ ಓಫು, ಒಲೊಸೆಗ, ತಊ. ಇವಲ್ಲದೆ ಸ್ವೇನ್ಸ್, ರೋಸ್ ಎಂಬ ಎರಡು ಹವಳದ ದ್ವೀಪಗಳು. ಎಲ್ಲ ಸೇರಿದರೂ 199 ಚದರ ಕಿ.ಮೀ. ಜ್ವಾಲಾಮುಖಿಯಿಂದ ಎದ್ದ ಕಡಿದಾದ ಬೆಟ್ಟಗಳು, ಅವುಗಳ ಕಾಲಬುಡದಲ್ಲಿ ಕಡಲಂಚಿಗೆ ಅಂಟಿಕೊಂಡ ಹಳ್ಳಿಗಳು. ತೆಂಗು, ಕೆಸವಿನ ಗಡ್ಡೆ, ದೀವಿಹಲಸು, ಬಾಳೆ, ಮೀನು: ಇದು ಹಳೆಯ ಊಟ. 2010ರ ಜನಗಣತಿಯಲ್ಲಿ 55,519 ಜನರಿದ್ದರು, 2020ರಲ್ಲಿ 49,710. ಹತ್ತು ವರ್ಷದಲ್ಲಿ ಹತ್ತರಲ್ಲೊಂದು ಪಾಲು ಕರಗಿದೆ. ಕೆಲಸ ಹುಡುಕಿಕೊಂಡು ಜನ ಹವಾಯಿಗೆ, ಕ್ಯಾಲಿಫೋರ್ನಿಯಾಕ್ಕೆ, ಉಟಾಕ್ಕೆ, ಅಲಾಸ್ಕಕ್ಕೆ ಹೋಗುತ್ತಾರೆ. ಇವತ್ತು ಈ ದ್ವೀಪಗಳಲ್ಲಿ ಇರುವವರಿಗಿಂತ ಅಮೆರಿಕದ ರಾಜ್ಯಗಳಲ್ಲಿ ಇರುವ ಸಮೋವಾ ಮೂಲದವರೇ ಹೆಚ್ಚು.

ಇಷ್ಟು ಪುಟ್ಟ ನೆಲದ ಮೇಲೆ ದೊಡ್ಡವರ ಕಣ್ಣು ಯಾಕೆ ಬಿತ್ತು? ಪಾಗೋ ಪಾಗೋ ಎಂಬ ಬಂದರಿಗಾಗಿ. ಬೆಟ್ಟಗಳ ಮರೆಯಲ್ಲಿ ಒಳಕ್ಕೆ ಚಾಚಿಕೊಂಡ ಆಳವಾದ ಬಂದರು ಅದು. ಉಗಿಹಡಗುಗಳ ಕಾಲದಲ್ಲಿ ನೌಕಾಪಡೆಗೆ ಕಲ್ಲಿದ್ದಲು ತುಂಬಿಕೊಳ್ಳಲು ಹೇಳಿ ಮಾಡಿಸಿದ ಜಾಗ. 1899ರಲ್ಲಿ ಅಮೆರಿಕ, ಜರ್ಮನಿ, ಬ್ರಿಟನ್ ಕೂತು ಒಪ್ಪಂದ ಮಾಡಿಕೊಂಡವು. ಸಮೋವಾದ ಪಡುವಣ ದ್ವೀಪಗಳು ಜರ್ಮನಿಗೆ, ಮೂಡಣ ದ್ವೀಪಗಳು ಅಮೆರಿಕಕ್ಕೆ. ಬೇರೆ ಕಡೆ ಪಾಲು ತಗೊಂಡು ಬ್ರಿಟನ್ ಹಿಂದೆ ಸರಿಯಿತು. ಒಂದೇ ನುಡಿಯ, ಒಂದೇ ನಂಟಸ್ತಿಕೆಯ ಜನರನ್ನು ಎರಡಾಗಿ ಸೀಳಿದ ಆ ಕಾಗದಕ್ಕೆ ಸಮೋವಾದ ಒಬ್ಬನ ಸಹಿಯೂ ಇರಲಿಲ್ಲ. ಪಡುವಣದ ಭಾಗವನ್ನು 1914ರಲ್ಲಿ ನ್ಯೂಜಿಲೆಂಡ್ ಹಿಡಿಯಿತು. 1962ರಲ್ಲಿ ಅದು ಸ್ವತಂತ್ರವಾಯಿತು. ಈಗ ಸಮೋವಾ ಎಂದು ಕರೆಯುವುದು ಆ ದೇಶವನ್ನೇ.

ಮೂಡಣದ ಭಾಗದಲ್ಲಿ 1900ರಲ್ಲಿ ತುತುಯಿಲದ ಮುಖಂಡರು, 1904ರಲ್ಲಿ ಮನುಅದ ಅರಸ ತಮ್ಮ ದ್ವೀಪಗಳನ್ನು ಅಮೆರಿಕಕ್ಕೆ ಬಿಟ್ಟುಕೊಡುವ ಪತ್ರ ಬರೆದುಕೊಟ್ಟರು. ಜನರ ನೆಲ ಮತ್ತು ಆಸ್ತಿಯ ಹಕ್ಕನ್ನು ಅಮೆರಿಕ ಗೌರವಿಸಿ ಕಾಪಾಡಬೇಕು ಎಂಬ ಮಾತು ಆ ಪತ್ರದಲ್ಲೇ ಇತ್ತು. ಈ ಪತ್ರಗಳನ್ನು ಅಮೆರಿಕದ ಕಾಂಗ್ರೆಸ್ ಅಂಗೀಕರಿಸಿದ್ದು 1929ರಲ್ಲಿ. ಕೊಟ್ಟವರು ಕೊಟ್ಟಾಗಿತ್ತು; ತಗೊಂಡವರಿಗೆ 'ಹೂಂ' ಅನ್ನಲು ಇಪ್ಪತ್ತೊಂಬತ್ತು ವರ್ಷ ಬೇಕಾಯಿತು. 1951ರವರೆಗೆ ದ್ವೀಪಗಳನ್ನು ಆಳಿದ್ದು ನೌಕಾಪಡೆ. ನೌಕಾ ಅಧಿಕಾರಿಯೇ ಗವರ್ನರ್. ಕಾನೂನು ಬರೆಯುವವನೂ ಅವನೇ, ಜಾರಿ ಮಾಡುವವನೂ ಅವನೇ.

ಪೌರತ್ವ ಯಾಕೆ ಸಿಗಲಿಲ್ಲ ಅನ್ನುವುದರ ಬೇರು 1901ರ ಒಂದು ತೀರ್ಪಿನಲ್ಲಿದೆ. ಪೋರ್ಟೋರಿಕೊದಿಂದ ನ್ಯೂಯಾರ್ಕಿಗೆ ಬಂದ ಕಿತ್ತಳೆ ಹಣ್ಣಿಗೆ ಸುಂಕ ಹಾಕಬಹುದೇ ಎಂಬುದು ವ್ಯಾಜ್ಯ. ಹಣ್ಣಿನ ನೆಪದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮನುಷ್ಯರ ಬೆಲೆ ಕಟ್ಟಿತು. ಗೆದ್ದುಕೊಂಡ ದ್ವೀಪಗಳು ಅಮೆರಿಕಕ್ಕೆ ಸೇರಿದ್ದರೂ ಅಮೆರಿಕದ ಒಳಗಲ್ಲ. ಸಂವಿಧಾನ ಅಲ್ಲಿ ಪೂರ್ತಿಯಾಗಿ ಹಬ್ಬುವುದಿಲ್ಲ ಎಂದಿತು. ಅಲ್ಲಿರುವವರು ಪರಜನಾಂಗದವರು, ಅವರ ಧರ್ಮ ಬೇರೆ, ನಡವಳಿಕೆ ಬೇರೆ, ನಮ್ಮ ತತ್ವಗಳ ಪ್ರಕಾರ ಅವರನ್ನು ಆಳಲಾಗದು ಎಂಬ ಅರ್ಥದ ಮಾತನ್ನು ನ್ಯಾಯಮೂರ್ತಿ ಹೆನ್ರಿ ಬಿಲ್ಲಿಂಗ್ಸ್ ಬ್ರೌನ್ ಬರೆದರು. ಇದೇ ಬ್ರೌನ್ 1896ರಲ್ಲಿ ರೈಲಿನಲ್ಲಿ ಕರಿಯರಿಗೆ ಬೇರೆ ಡಬ್ಬಿ ಇಡುವುದು ತಪ್ಪಲ್ಲ ಎಂಬ ಪ್ಲೆಸ್ಸಿ ತೀರ್ಪನ್ನೂ ಬರೆದವರು. ಎರಡೂ ಸಲ ಭಿನ್ನಮತ ಬರೆದವರು ಒಬ್ಬರೇ, ಜಾನ್ ಮಾರ್ಷಲ್ ಹಾರ್ಲನ್. ಪ್ಲೆಸ್ಸಿಯ ತತ್ವವನ್ನು ಅಮೆರಿಕ 1954ರಲ್ಲಿ ಶಾಲೆಗಳ ಮೊಕದ್ದಮೆಯಲ್ಲಿ ಕಿತ್ತೊಗೆಯಿತು. ದ್ವೀಪಗಳ ತೀರ್ಪನ್ನು ಮಾತ್ರ ಹಾಗೇ ಇಟ್ಟುಕೊಂಡಿದೆ. ಆ ತೀರ್ಪುಗಳಿಗೆ ಸಂವಿಧಾನದಲ್ಲಿ ಬುನಾದಿಯಿಲ್ಲ, ಅವು ಜನಾಂಗೀಯ ಪೂರ್ವಗ್ರಹದ ಮೇಲೆ ನಿಂತಿವೆ ಎಂದು 2022ರಲ್ಲಿ ಅದೇ ಕೋರ್ಟಿನ ನ್ಯಾಯಮೂರ್ತಿ ನೀಲ್ ಗೋರ್ಸಚ್ ಬರೆದರು. ಬರೆದರು, ಅಷ್ಟೇ. ತೀರ್ಪು ಬದಲಾಗಲಿಲ್ಲ.

ಇಲ್ಲಿಗೆ ಕತೆ ಸರಳವಾಗಿದೆ. ಒಡೆಯ ಬಿಳಿಯ, ಆಳು ಕಂದುಬಣ್ಣದವನು, ಹಕ್ಕು ಕೊಡಲು ಒಡೆಯನಿಗೆ ಮನಸ್ಸಿಲ್ಲ. ಮೊದಮೊದಲು ನಡೆದದ್ದೂ ಹೀಗೆಯೇ. ಬಾವುಟ ಏರಿದ ದಿನವೇ ತಾವು ಪೌರರಾದೆವು ಎಂದು ಸಮೋವಾದ ಅನೇಕ ಮುಖಂಡರು ತಿಳಿದಿದ್ದರು. ಹಾಗಲ್ಲ ಅಂತ ಗೊತ್ತಾದಾಗ ಕೇಳಿದರು. 1920ರ ದಶಕದಲ್ಲಿ ನೌಕಾಪಡೆಯ ಆಡಳಿತದ ವಿರುದ್ಧ 'ಮೌ' ಎಂಬ ಚಳವಳಿ ಎದ್ದಿತು. 1930ರಲ್ಲಿ ಅಮೆರಿಕದಿಂದ ಒಂದು ಆಯೋಗ ಬಂದಾಗ ಮುಖಂಡರು ಅದರ ಮುಂದೆ ನಿಂತು ಪೌರತ್ವ ಕೊಡಿ ಎಂದರು. ಆಯೋಗ ಶಿಫಾರಸು ಮಾಡಿತು. ಸೆನೆಟ್ ಒಪ್ಪಿತು. ಕೆಳಮನೆ ಒಪ್ಪಲಿಲ್ಲ. ಪೋರ್ಟೋರಿಕೊದವರಿಗೆ 1917ರಲ್ಲಿ, ವರ್ಜಿನ್ ದ್ವೀಪದವರಿಗೆ 1927ರಲ್ಲಿ, ಗುವಾಮಿನವರಿಗೆ 1950ರಲ್ಲಿ, ಉತ್ತರ ಮರಿಯಾನ ದ್ವೀಪದವರಿಗೆ 1986ರಲ್ಲಿ ಪೌರತ್ವ ಸಿಕ್ಕಿತು. ಉಳಿದವರು ಸಮೋವಾದವರು.

ಆದರೆ ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕತೆ ತಿರುಗಿತು. ದ್ವೀಪಗಳಿಗೆ ಪೌರತ್ವವನ್ನೂ ಹೊಸ ಆಡಳಿತವನ್ನೂ ಕೊಡುವ ಮಸೂದೆಯ ಮಾತು ಬಂದಾಗ ಮುಖಂಡರೇ ಹಿಂಜರಿದರು. ಯಾಕೆ? ನೆಲಕ್ಕಾಗಿ.

ಅಲ್ಲಿ ನೆಲ ಒಬ್ಬೊಬ್ಬರ ಸೊತ್ತಲ್ಲ. ಸುಮಾರು 90 ಪಾಲು ನೆಲ 'ಅಯಿಂಗ' ಎಂಬ ದೊಡ್ಡ ಕುಟುಂಬಕ್ಕೆ ಸೇರಿದ್ದು. ಕುಟುಂಬ ಒಟ್ಟಾಗಿ ಆರಿಸಿದ 'ಮತಾಯಿ' ಎಂಬ ಯಜಮಾನ ಅದನ್ನು ನೋಡಿಕೊಳ್ಳುತ್ತಾನೆ. ಯಾರು ಎಲ್ಲಿ ಮನೆ ಕಟ್ಟಬೇಕು, ಯಾರು ಎಲ್ಲಿ ಬೆಳೆ ಇಡಬೇಕು ಹೇಳುತ್ತಾನೆ. ಇಂಥ ನೆಲವನ್ನು ಮನಸ್ಸಿಗೆ ಬಂದವರಿಗೆ ಮಾರುವ ಹಾಗಿಲ್ಲ. ಅರ್ಧಕ್ಕಿಂತ ಕಡಿಮೆ ಸಮೋವಾ ರಕ್ತ ಇರುವವರಿಗೆ ನೆಲ ಹೋಗದಂತೆ ಕಾನೂನು ತಡೆ ಹಾಕಿದೆ. ಇದರ ಬಲ ಎಷ್ಟು ಅಂದರೆ, 1988ರಲ್ಲಿ ಅಮೆರಿಕದ ಸರ್ಕಾರವೇ ಅಲ್ಲೊಂದು ರಾಷ್ಟ್ರೀಯ ಉದ್ಯಾನ ಮಾಡಲು ಹೊರಟಾಗ ನೆಲ ಕೊಂಡುಕೊಳ್ಳಲು ಆಗಲಿಲ್ಲ. 1993ರಲ್ಲಿ ಹಳ್ಳಿಗಳಿಂದ 50 ವರ್ಷಕ್ಕೆ ಗುತ್ತಿಗೆ ಪಡೆಯಬೇಕಾಯಿತು. ಲೋಕದ ಅತಿ ದೊಡ್ಡ ಸಾಹುಕಾರ ಸಮೋವಾದ ಹಳ್ಳಿಯವರ ಮುಂದೆ ಗೇಣಿದಾರ! ಇದನ್ನು ಓದಿದಾಗ ನಮಗೆ ಖುಷಿಯಾಯಿತು ಅಂತ ಮುಚ್ಚುಮರೆಯಿಲ್ಲದೆ ಹೇಳುತ್ತೇವೆ.

ಹವಾಯಿಯಲ್ಲಿ ಏನಾಯಿತು ಅಂತ ಅವರಿಗೆ ಗೊತ್ತು. 1848ರ 'ಮಹೇಲೆ' ಎಂಬ ಭೂವಿಂಗಡಣೆಯಿಂದ ಅಲ್ಲಿನ ನೆಲ ಮಾರುಕಟ್ಟೆಯ ಸರಕಾಯಿತು. ಕಬ್ಬಿನ ತೋಟದ ದಣಿಗಳು ಬೆಳೆದರು. 1893ರಲ್ಲಿ ರಾಣಿಯನ್ನು ಇಳಿಸಿದರು, 1898ರಲ್ಲಿ ಅಮೆರಿಕ ನುಂಗಿತು. 2000ದಲ್ಲಿ ಮೂಲ ಹವಾಯಿಯವರ ಹಿತಕ್ಕಿರುವ ಸಂಸ್ಥೆಯ ಚುನಾವಣೆಯಲ್ಲಿ ಅವರಷ್ಟೇ ಮತ ಹಾಕಬೇಕು ಎಂಬ ನಿಯಮವನ್ನು ಸುಪ್ರೀಂ ಕೋರ್ಟ್ ಸಮಾನತೆಯ ಹೆಸರಿನಲ್ಲೇ ಹೊಡೆದುಹಾಕಿತು. ಎಲ್ಲರೂ ಸಮಾನ, ಆದ್ದರಿಂದ ದುಡ್ಡಿದ್ದವನೂ ಇಲ್ಲದವನೂ ಸಂತೆಗೆ ಸಮಾನವಾಗಿ ಬನ್ನಿ ಎನ್ನುವ ಸಮಾನತೆ ಇದೆಯಲ್ಲ, ಅದರ ಹಲ್ಲು ಸಮೋವಾದವರು ನೋಡಿದ್ದಾರೆ. ಅವರ ಭಯ ಹುಸಿಭಯವಲ್ಲ.

ಹೀಗಿರುವಾಗ ಅವರದೇ ಮಕ್ಕಳು ಕೋರ್ಟಿಗೆ ಹೋದರು. ಅಮೆರಿಕದಲ್ಲಿ ಹುಟ್ಟಿದವರೆಲ್ಲ ಪೌರರು ಎಂದು 1868ರ ತಿದ್ದುಪಡಿ ಹೇಳುತ್ತದೆ, ಹಾಗಾದರೆ ನಾವು ಯಾಕಲ್ಲ ಎಂದು ಕೇಳಿದರು. ಟುವಾವಾ ಮೊಕದ್ದಮೆಯಲ್ಲಿ 2015ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಇಲ್ಲ ಎಂದಿತು. ಅಲ್ಲಿನ ಚುನಾಯಿತ ಸರ್ಕಾರವೇ ಬೇಡ ಅನ್ನುವಾಗ ನಾವು ಹೇರುವುದು ಸರಿಯಲ್ಲ ಎಂಬುದು ಅದರ ಒಂದು ಕಾರಣ. ಉಟಾದಲ್ಲಿದ್ದ ಸಮೋವಾದವರು ಹೂಡಿದ ಫಿಟಿಸೆಮನು ಮೊಕದ್ದಮೆಯಲ್ಲಿ 2019ರಲ್ಲಿ ಕೆಳಗಿನ ಕೋರ್ಟ್ ಹೌದು, ಇವರು ಪೌರರು ಎಂದಿತು. 2021ರಲ್ಲಿ ಮೇಲಿನ ಕೋರ್ಟ್ ಅದನ್ನು ತಿರುಗಿಸಿತು. 2022ರಲ್ಲಿ ಸುಪ್ರೀಂ ಕೋರ್ಟ್ ಕೇಳಲೇ ಇಲ್ಲ. 1901ರಲ್ಲಿ ಇವರು ಕೀಳು ಜನ, ಒಳಗೆ ಬಿಡಬೇಡಿ ಎನ್ನಲು ಬಳಸಿದ ಕಾನೂನನ್ನೇ ಈಗ ಇವರ ಸಂಸ್ಕೃತಿ ದೊಡ್ಡದು, ಅದನ್ನು ಕಾಪಾಡಿ ಎನ್ನಲು ಬಳಸುತ್ತಿದ್ದಾರೆ. ಬೇಲಿ ಹಳೆಯದೇ. ಅದಕ್ಕೆ ಹೂವಿನ ಬಳ್ಳಿ ಹಬ್ಬಿಸಿದ್ದಾರೆ.

ಗಂಟು ಇರುವುದು ಇಲ್ಲಿ. ನೆಲ ಬೇಕಾದರೆ ಹಕ್ಕು ಬಿಡು, ಹಕ್ಕು ಬೇಕಾದರೆ ನೆಲ ಬಿಡು. ಇದು ನ್ಯಾಯವಾದ ಆಯ್ಕೆಯೇ?

ಮೊದಲನೆಯದಾಗಿ ನಾವು ಕೇಳಬೇಕಾದ್ದು, ಈ ಎರಡಕ್ಕೆ ನಿಜವಾಗಲೂ ಗಂಟು ಬಿದ್ದಿದೆಯೇ ಎಂದು. ಉತ್ತರ ಮರಿಯಾನದವರು ಪೌರರು. ಅಲ್ಲಿಯೂ ಹೊರಗಿನವರು ನೆಲ ಕೊಳ್ಳದಂತೆ ಕಾನೂನಿದೆ. ಅಮೆರಿಕದ ಜೊತೆ ಮಾಡಿಕೊಂಡ ಒಡಂಬಡಿಕೆಯಲ್ಲೇ ಅದನ್ನು ಬರೆಸಿಕೊಂಡರು. 1990ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಮೆರಿಕನ್ ಸಮೋವಾದ ಹೈಕೋರ್ಟೂ 1980ರಲ್ಲಿ ತಮ್ಮ ನೆಲದ ಕಾನೂನನ್ನು ಸಮಾನತೆಯ ತತ್ವದ ಒರೆಗೆ ಹಚ್ಚಿ ನೋಡಿ, ಜನರ ಬದುಕು ಉಳಿಯಲು ಅದು ಬೇಕೇ ಬೇಕು ಎಂದು ಒಪ್ಪಿತು. ಅಂದರೆ ನೆಲದ ಕಾನೂನು ನಿಂತಿರುವುದು ಪೌರತ್ವ ಇಲ್ಲದಿರುವುದರ ಮೇಲಲ್ಲ. ನೆಲ ಮತ್ತು ಹಕ್ಕು ಒಂದೇ ಮನೆಯಲ್ಲಿ ಬಾಳಬಲ್ಲವು. ಆದರೂ ಭಯ ಹೋಗುವುದಿಲ್ಲ. ನಾಳೆ ಬರುವ ನ್ಯಾಯಾಧೀಶ ಬೇರೆ ಅಂದರೆ? ಅಮೆರಿಕನ್ ಸಮೋವಾದ ಮುಖ್ಯ ನ್ಯಾಯಾಧೀಶರನ್ನು ನೇಮಿಸುವವರು ವಾಷಿಂಗ್ಟನ್ನಿನ ಒಬ್ಬ ಮಂತ್ರಿ. ಅಮೆರಿಕದ ಕೆಳಮನೆಯಲ್ಲಿ 1981ರಿಂದ ಅವರಿಗೊಬ್ಬ ಪ್ರತಿನಿಧಿ ಇದ್ದಾರೆ; ಮಾತಾಡಬಹುದು, ಮಸೂದೆಯ ಮೇಲೆ ಕೊನೆಯ ಮತ ಹಾಕುವಂತಿಲ್ಲ. ತನ್ನ ನೆಲದ ಕಾನೂನಿನ ಕೀಲಿಕೈ ಬೇರೆಯವರ ಸೊಂಟದಲ್ಲಿ ಇರುವಾಗ ಮನುಷ್ಯ ಇದ್ದದ್ದನ್ನು ಅಲ್ಲಾಡಿಸಲು ಹೆದರುತ್ತಾನೆ. ಈ ಹೆದರಿಕೆಯನ್ನು 'ಸಮ್ಮತಿ' ಅಂತ ಕರೆಯುವುದು ಮೋಸ.

ಎರಡನೆಯದು, ಬೇಡ ಅಂದವರು ಯಾರು? ಅಲ್ಲಿನ ಶಾಸನಸಭೆಗೆ 'ಫೋನೋ' ಎನ್ನುತ್ತಾರೆ. ಕೆಳಮನೆಯ 20 ಜನರನ್ನು ಜನ ಮತ ಹಾಕಿ ಕಳಿಸುತ್ತಾರೆ. ಮೇಲ್ಮನೆಯ 18 ಜನ ಮತಾಯಿಗಳೇ ಆಗಿರಬೇಕು. ಅವರನ್ನು ಸಂಪ್ರದಾಯದ ಪ್ರಕಾರ ಸ್ಥಳೀಯ ಸಭೆಗಳು ಆರಿಸುತ್ತವೆ. ಗವರ್ನರನ್ನು 1977ರಿಂದ ಜನ ಆರಿಸುತ್ತಿದ್ದಾರೆ. ಸಂಪ್ರದಾಯ, ಹಳ್ಳಿ, ಹಿರಿಯರು ಎಂಬ ಮಾತು ಕೇಳಿದ ಕೂಡಲೇ ನಮಗೆ ಮೈಯೆಲ್ಲ ಕಿವಿಯಾಗುತ್ತದೆ. 1948ರಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕ ಮಾಡಿದ್ದಕ್ಕೆ ಸಂತೋಷಪಟ್ಟರು ಎಂಬುದನ್ನು ನಾವು ಮರೆಯಲಾರೆವು. ಆದರೆ ಅಲ್ಲಿನ ಹಳ್ಳಿ ಇಲ್ಲಿನ ಹಳ್ಳಿಯಲ್ಲ. ಮತಾಯಿ ಪಟ್ಟ ಹುಟ್ಟಿದ ಕೂಡಲೇ ಅಂಟುವುದಿಲ್ಲ. ಕುಟುಂಬ ಕೂಡಿ ಕೊಡುತ್ತದೆ, ಕೆಟ್ಟರೆ ಕಿತ್ತುಕೊಳ್ಳಲೂಬಹುದು. ಹೆಂಗಸರೂ ಪಡೆಯಬಹುದು, ಪಡೆದವರು ಕಡಿಮೆ. ಅಲ್ಲಿ ಮುಟ್ಟಿಸಿಕೊಳ್ಳದ ಕೇರಿ ಇಲ್ಲ. ಆದ್ದರಿಂದ ನಮ್ಮ ಸಿಟ್ಟನ್ನು ಹಾಗೇ ಹಡಗಿಗೆ ಹಾಕಿ ಕಳಿಸುವುದು ಬೇಡ. ಆದರೂ ಒಂದು ಮಾತು ಉಳಿಯುತ್ತದೆ. ಪಟ್ಟವಿಲ್ಲದವನ ಪರವಾಗಿ ಪಟ್ಟವಿರುವವನು, ದೂರ ಹೋದವನ ಪರವಾಗಿ ಊರಲ್ಲಿರುವವನು 'ಇವನಿಗೆ ಬೇಡ' ಎಂದು ಹೇಳುವುದು ಎಷ್ಟರ ಮಟ್ಟಿಗೆ ಸರಿ?

ಊರಲ್ಲೇ ಇರುವವನಿಗೆ ಪೌರತ್ವದಿಂದ ತಕ್ಷಣ ಸಿಗುವುದು ಕಡಿಮೆಯೇ. ಪೌರರಾದ ಗುವಾಮಿನವರಿಗೂ ದ್ವೀಪದಲ್ಲಿ ಕೂತು ಅಧ್ಯಕ್ಷನ ಚುನಾವಣೆಗೆ ಮತವಿಲ್ಲ. ಏಟು ಬೀಳುವುದು ಹೊರಗೆ ಹೋದವನಿಗೆ. ಅವನು ಅಮೆರಿಕದ ಯಾವ ರಾಜ್ಯದಲ್ಲಾದರೂ ಇರಬಹುದು, ದುಡಿಯಬಹುದು, ತೆರಿಗೆ ಕಟ್ಟಬಹುದು. ಮತ ಹಾಕಬೇಕಾದರೆ ಹೊರದೇಶದವರ ಹಾಗೆ ಅರ್ಜಿ, ಶುಲ್ಕ, ಪರೀಕ್ಷೆ. ಅಲಾಸ್ಕದ ವಿಟಿಯರ್ ಎಂಬ ಸಣ್ಣ ಊರಿನಲ್ಲಿ ಅಮೆರಿಕನ್ ಸಮೋವಾದ ಒಬ್ಬ ಹೆಣ್ಣುಮಗಳು 2023ರಲ್ಲಿ ಶಾಲಾ ಮಂಡಳಿಯ ಚುನಾವಣೆಯಲ್ಲಿ ಗೆದ್ದಳು. ಪೌರಳಲ್ಲದಿದ್ದರೂ ಪೌರಳೆಂದು ಬರೆದಳು ಎಂದು ಅವಳನ್ನು ಬಂಧಿಸಿದರು. 2025ರಲ್ಲಿ ಅದೇ ಊರಿನ ಇನ್ನೂ ಹತ್ತು ಜನರ ಮೇಲೆ ಮೊಕದ್ದಮೆ ಬಿತ್ತು. ಮಕ್ಕಳ ಶಾಲೆಯ ಉಸ್ತುವಾರಿಗೆ ನಿಂತದ್ದು ಅಪರಾಧ! ಇಂಥವರು ಸೈನ್ಯಕ್ಕೆ ಸೇರಲು ಬಂದರೆ ಮಾತ್ರ ಯಾರೂ ತಡೆಯುವುದಿಲ್ಲ. ಜನಸಂಖ್ಯೆಯ ಲೆಕ್ಕದಲ್ಲಿ ಅಮೆರಿಕದ ಸೈನ್ಯಕ್ಕೆ ಅತಿ ಹೆಚ್ಚು ಮಕ್ಕಳನ್ನು ಕೊಡುವ ನೆಲಗಳಲ್ಲಿ ಇದೂ ಒಂದು. ಇರಾಕಿನಲ್ಲಿ ಸತ್ತವರ ಲೆಕ್ಕದಲ್ಲೂ ಈ ಪುಟ್ಟ ದ್ವೀಪಗಳ ಪಾಲು ದೊಡ್ಡದು. ಸಾಯಲು ಪೌರತ್ವದ ಕಾಗದ ಬೇಕಿಲ್ಲ.

ಮೂರನೆಯದು ಹೊಟ್ಟೆಯ ಪ್ರಶ್ನೆ. ನೆಲ ಉಳಿಯಿತು ಅಂದೆವು. ದುಡಿಮೆ ಯಾರ ಕೈಯಲ್ಲಿದೆ? ಪಾಗೋ ಪಾಗೋ ಬಂದರಿನಲ್ಲಿ 1954ರಿಂದ ಟ್ಯೂನಾ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳಿವೆ. ಇಲ್ಲಿಂದ ಹೋದ ಡಬ್ಬಿಗೆ ಅಮೆರಿಕದಲ್ಲಿ ಸುಂಕವಿಲ್ಲ; ಇಲ್ಲಿ ಕೂಲಿಯೂ ಕಡಿಮೆ. 2007ರಲ್ಲಿ ಅಮೆರಿಕದ ಕನಿಷ್ಠ ಕೂಲಿ ಗಂಟೆಗೆ 5.15 ಡಾಲರ್ ಇದ್ದಾಗ ಇಲ್ಲಿನ ಮೀನು ಕಾರ್ಖಾನೆಯಲ್ಲಿ 3.26 ಡಾಲರ್. ಆ ವರ್ಷ ಕಾಂಗ್ರೆಸ್ ಹಂತಹಂತವಾಗಿ ಏರಿಸುವ ಕಾನೂನು ತಂದಿತು. 2009ರ ಸೆಪ್ಟೆಂಬರ್ 29ರಂದು ಸುನಾಮಿ ಬಂದು 34 ಜನ ಸತ್ತರು. ಮೊದಲೇ ಸಾರಿದ್ದಂತೆ ಮರುದಿನ ಒಂದು ಕಾರ್ಖಾನೆ ಬಾಗಿಲು ಮುಚ್ಚಿ ಜಾರ್ಜಿಯಾ ರಾಜ್ಯಕ್ಕೆ ಹೋಯಿತು. ಎರಡು ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಉಳಿದ ದೊಡ್ಡ ಕಾರ್ಖಾನೆ ಸ್ಟಾರ್‌ಕಿಸ್ಟ್. 2008ರಿಂದ ಅದರ ಒಡೆತನ ದಕ್ಷಿಣ ಕೊರಿಯಾದ ಕಂಪನಿಯದು. ಮುಂದಿನ ಏರಿಕೆಗಳನ್ನು ದ್ವೀಪದ ಮುಖಂಡರೇ ಬೇಡಿಕೊಂಡು ಮುಂದೂಡಿಸಿದರು. ಅಮೆರಿಕದಲ್ಲಿ 7.25 ಡಾಲರ್ ಇದ್ದಾಗ, 2015ರಲ್ಲಿ, ಇಲ್ಲಿ ಸಿಕ್ಕಿದ್ದು 5.16. ಕೂಲಿ ಕೇಳಿದರೆ ಕೆಲಸ ಹೋಗುತ್ತದೆ, ಹಕ್ಕು ಕೇಳಿದರೆ ನೆಲ ಹೋಗುತ್ತದೆ. ಎರಡು ಬೆದರಿಕೆಯ ದನಿಯೂ ಒಂದೇ ತರ ಕೇಳಿಸುವುದಿಲ್ಲವೇ ಗೆಳೆಯರೇ?

ಇನ್ನೂ ಒಂದು ಮಾತಿದೆ. ಆ ಕಾರ್ಖಾನೆಯಲ್ಲಿ ನಿಂತು ಮೀನು ಸೀಳುವವರಲ್ಲಿ ಬಹಳ ಜನ ಪಕ್ಕದ ಸ್ವತಂತ್ರ ಸಮೋವಾದಿಂದ ಬಂದವರು. 1899ರ ಗೆರೆ ಬೀಳುವ ಮುಂಚೆ ಒಂದೇ ಬಳ್ಳಿಯ ಜನ. ಈಗ ಪರದೇಶಿಗಳು, ಪರವಾನಗಿಯ ಮೇಲೆ ಬಂದು, ಜಾಮೀನು ನಿಂತವರ ಮರ್ಜಿಯಲ್ಲಿ ಇರಬೇಕಾದವರು. ಅವರಿಗೆ ಅಮೆರಿಕದ ಹಕ್ಕೂ ಇಲ್ಲ, ಈ ದ್ವೀಪದ ಮತವೂ ಇಲ್ಲ. 'ನಮ್ಮ ನೆಲ, ನಮ್ಮ ಸಂಪ್ರದಾಯ' ಎಂಬ ಮಾತಿನ ನೆರಳಲ್ಲಿ ಇವರಿಗೂ ಜಾಗ ಉಂಟೋ ಇಲ್ಲವೋ? ಹೊರಗಿಟ್ಟವನ ವಿರುದ್ಧ ದನಿ ಎತ್ತುವವನು ತಾನು ಯಾರನ್ನು ಹೊರಗಿಟ್ಟಿದ್ದೇನೆ ಎಂದು ತಿರುಗಿ ನೋಡಬೇಕು. ಈ ಮಾತು ಸಮೋವಾದವರಿಗಷ್ಟೇ ಅಲ್ಲ.

ಒಡೆಯರು ಒಳ್ಳೆಯದನ್ನೂ ಮಾಡಿದ್ದಾರೆ ಎಂಬ ಮಾತು ಬರುತ್ತದೆ. ನಿಜ. 1918ರ ಮಹಾಜ್ವರದ ಕಾಲದಲ್ಲಿ ಅಮೆರಿಕನ್ ಸಮೋವಾದ ನೌಕಾ ಗವರ್ನರ್ ಜಾನ್ ಪಾಯರ್ ಬಂದರಿಗೆ ಬೀಗ ಹಾಕಿಸಿದ. ಆ ಜ್ವರದಿಂದ ಅಲ್ಲಿ ಒಬ್ಬನೂ ಸಾಯಲಿಲ್ಲ. ಅದೇ ಹೊತ್ತಿಗೆ ನ್ಯೂಜಿಲೆಂಡಿನ ಕೈಯಲ್ಲಿದ್ದ ಪಡುವಣ ಸಮೋವಾದಲ್ಲಿ ರೋಗಿಗಳಿದ್ದ ಹಡಗನ್ನು ಒಳಗೆ ಬಿಟ್ಟರು. ಅಲ್ಲಿನ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ಸತ್ತುಹೋಯಿತು. ಪಾಯರ್ ಮಾಡಿದ್ದು ದೊಡ್ಡ ಕೆಲಸ. ಆದರೆ ಈ ಎರಡು ದ್ವೀಪಗಳ ನಡುವಿನ ವ್ಯತ್ಯಾಸ ಏನು ಹೇಳುತ್ತದೆ? ಎರಡೂ ಕಡೆ ಜನರ ಜೀವ ಒಬ್ಬ ಅಧಿಕಾರಿಯ ಬುದ್ಧಿಯ ಮೇಲೆ ನಿಂತಿತ್ತು. ಒಂದು ಕಡೆ ಒಳ್ಳೆಯವನು ಸಿಕ್ಕ, ಇನ್ನೊಂದು ಕಡೆ ಸಿಗಲಿಲ್ಲ. ಒಳ್ಳೆಯ ದಣಿ ಸಿಕ್ಕಿದ್ದು ಅದೃಷ್ಟ, ಹಕ್ಕಲ್ಲ. ನೆಲದ ರಕ್ಷಣೆಯೂ ಇವತ್ತು ಹಂಗೇ ಇದೆ. ಅಮೆರಿಕದ ಕಾಂಗ್ರೆಸ್ಸು, ಕೋರ್ಟು, ಮಂತ್ರಿ ಒಳ್ಳೆಯವರಾಗಿ ಇರುವ ತನಕ ಅದು ಇದೆ.

ನಮ್ಮ ಕನ್ನಡದಲ್ಲಿ ರಾಜನ ಕೈಕೆಳಗೆ ಇದ್ದವನನ್ನೂ ಪ್ರಜೆ ಅಂದೆವು, ಪ್ರಜಾಪ್ರಭುತ್ವದಲ್ಲಿ ಆಳುವವನನ್ನೂ ಪ್ರಜೆ ಅಂದೆವು. ಒಂದೇ ಮಾತಿನ ಈ ಎರಡು ಅರ್ಥಗಳ ನಡುವೆ ಅಮೆರಿಕನ್ ಸಮೋವಾ 1900ರಿಂದ ನಿಂತಿದೆ. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಇನ್ನೂ ಸ್ವಯಮಾಡಳಿತ ಪಡೆಯದ 17 ಪ್ರದೇಶಗಳಲ್ಲಿ ಅದೂ ಒಂದು. ಪಟ್ಟಿಯಿಂದ ನಮ್ಮ ಹೆಸರು ತೆಗೆಯಿರಿ, ನಾವು ಸುಖವಾಗಿದ್ದೇವೆ ಎಂದು ಅಲ್ಲಿನ ಮುಖಂಡರು ಹೇಳಿದ್ದಾರೆ. ಅವರು ಅಮೆರಿಕದ ಪೌರರಾಗಬೇಕೋ, ಬೇರೆ ದೇಶ ಆಗಬೇಕೋ, ಹೀಗೇ ಇರಬೇಕೋ ಎಂದು ಇಲ್ಲಿ ಕೂತು ತೀರ್ಪು ಕೊಡಲು ನಾವು ಯಾರು? ಅದು ಅವರದೇ ಮಾತು. ಆದರೆ 'ಅವರು' ಅಂದರೆ ಯಾರು ಎಂದು ಕೇಳಲು ನಮಗೆ ಅಧಿಕಾರವಿದೆ. ಪಟ್ಟವಿದ್ದವನು, ಪಟ್ಟವಿಲ್ಲದವನು, ಹೆಂಗಸು, ಉಟಾದಲ್ಲಿ ದುಡಿಯುವವನು, ಗೆರೆಯಾಚೆಯಿಂದ ಬಂದು ಮೀನು ಸೀಳುವವಳು, ಇವರೆಲ್ಲ ಕೂತು ಮಾತಾಡಿದಾಗ ಮಾತ್ರ ಅದು ಅವರ ಮಾತಾಗುತ್ತದೆ. ಮತ್ತು ಯಾವ ತೀರ್ಮಾನ ಮಾಡಿದರೂ ನೆಲ ಹೋಗುವುದಿಲ್ಲ ಎಂಬ ಭರವಸೆ ಮೊದಲು ಕಾನೂನಾಗಿ ಅವರ ಕೈಗೆ ಬಂದಿರಬೇಕು. 1900ರ ಪತ್ರದಲ್ಲಿ ಅಮೆರಿಕ ಹೊತ್ತ ಸಾಲ ಅದು. ಅದನ್ನು ತೀರಿಸದೆ, ನೆಲ ಬೇಕೋ ಹಕ್ಕು ಬೇಕೋ ಎಂದು ಜನರನ್ನು ಕೇಳುವ ಯೋಗ್ಯತೆ ಅಮೆರಿಕಕ್ಕಿಲ್ಲ.